ಬಾರ್ಸಿಲೋನಾ – ಘೆಂಟ್: ಲಾರಿಯವನ ಲೆಕ್ಕ

ವಿಮಾನಕ್ಕೆ ಎರಡು ತಾಸು ಹತ್ತು ನಿಮಿಷ.
ಅದರಲ್ಲಿ ಕಾಲು ತಾಸು ನೆಲದ ಮೇಲೇ ಉರುಳಾಟ.
ಒಂದು ಕಾಫಿ, ಎರಡು ಬೆರಳಗಲದ ಬಿಸ್ಕತ್ತು,
ಪಿರೆನೀಸ್ ಬೆಟ್ಟ ಕಂಡಿತು ಅನ್ನುವಷ್ಟರಲ್ಲಿ ಮೋಡ,
ಮೋಡ ಸರಿಯುವಷ್ಟರಲ್ಲಿ ಬ್ರಸೆಲ್ಸ್,
ಅಲ್ಲಿಂದ ರೈಲು ಹತ್ತಿದರೆ ಘೆಂಟ್.
ಹಲ್ಲಿನ ಡಾಕ್ಟರುಗಳಿಗೆ ಕುರ್ಚಿ ಮಾರುವ ನನ್ನ ಮಗಳು ಲೀಸ್ಬೆತ್
ತಿಂಗಳಿಗೆರಡು ಸಲ ಹೀಗೆ ಹೋಗಿ ಬರುತ್ತಾಳೆ.
‘ಅದೂ ಒಂದು ದೂರವೇ ಅಪ್ಪ?’ ಅನ್ನುತ್ತಾಳೆ.

ನನ್ನ ಲಾರಿಗೆ ಎರಡು ಹಗಲು, ನಡುವೆ ಒಂದು ರಾತ್ರಿ.
ಬೆನ್ನ ಹಿಂದೆ ಮೂರು ಸಾವಿರದ ಇನ್ನೂರು ಪಂದ್ಯದ ಪಾರಿವಾಳ,
ಆಲೂಗಡ್ಡೆ ಬೇಯುವ ಪಾತ್ರೆಯ ಮುಚ್ಚಳದಂತೆ
ಪ್ಯಾರಿಸ್ ದಾಟಿದರೂ ಲಿಯೋನ್ ದಾಟಿದರೂ ನಿಲ್ಲದ ಗುಟುರು.
ಬ್ರೇಕು ಒತ್ತಿದರೆ ಮಾತ್ರ ಎಲ್ಲವೂ ಗಪ್ಪು.
ನೀರಿಡಬೇಕು, ಕಾಳು ಸುರಿಯಬೇಕು,
ಕತ್ತಲಲ್ಲಿ ಟಾರ್ಚು ಬಿಟ್ಟು ಎಣಿಸಬಾರದು.
ಎಣಿಸಿದರೆ ಒಂದು ಕಮ್ಮಿಯಾಗುತ್ತದೆ ಅಂತ
ಈ ಕೆಲಸ ಕಲಿಸಿದ ಆಖೀಲ್ ಹೇಳುತ್ತಿದ್ದ.

ಊರಿಂದ ಊರಿಗೆ ಇಷ್ಟು ದೂರ ಅನ್ನುವುದು
ನಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ.
ಒಬ್ಬೊಬ್ಬರ ಗೂಡಿಗೂ ಬೇರೆ ಅಳತೆ.
ನಾರಿನ ಗಿರಣಿಯಲ್ಲಿ ಮೂವತ್ತು ವರ್ಷ ನೂತ
ಲೇಡೆಬೆರ್ಗ್ ಬೀದಿಯ ಗೋಡೆಲೀವಳ ಅಟ್ಟಕ್ಕೆ
ಸಾವಿರದ ಎಂಬತ್ತೊಂದು ಕಿಲೋಮೀಟರು,
ಮೇಲೆ ಮುನ್ನೂರ ನಲವತ್ತಾರು ಮೀಟರು.
ಪಕ್ಕದ ಫಿರ್ಮಿನನಿಗೆ ಮುನ್ನೂರ ಮೂವತ್ತನಾಲ್ಕೇ.
ಈ ಹನ್ನೆರಡು ಮೀಟರಿಗೆ ಅವರಿಬ್ಬರೂ
ಮಾತು ಬಿಟ್ಟು ಆರು ವರ್ಷವಾಯಿತು.

ಬಂದರಿನ ಹಿಂದಿನ ಬಯಲು. ಬೆಳಿಗ್ಗೆ ಎಂಟೂ ಇಪ್ಪತ್ತು.
ತೆಂಕಣ ಗಾಳಿ, ತೆಳ್ಳಗೆ.
ಸರಳು ಎಳೆದೆ.
ಆಮೇಲಿನದನ್ನು ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ,
ಇನ್ನೂ ಹೇಳಲು ಬರುವುದಿಲ್ಲ;
ನೆಲವೇ ಎದ್ದು ಮೈ ಕೊಡವಿಕೊಂಡ ಹಾಗೆ ಅನ್ನಬಹುದು.
ಕಡಲ ಮೇಲೊಂದು ಸುತ್ತು, ಅನುಮಾನದ ಇನ್ನೊಂದು ಸುತ್ತು,
ಮತ್ತೆ ಬಡಗಣಕ್ಕೆ, ಬಿಟ್ಟ ಬಾಣ.
ತೋಳಿಗೆ ಅಂಟಿದ ಬೂದು ಪುಕ್ಕ ಊದಿ
ಎಲ್ಲರಿಗೂ ಒಂದೇ ಮೆಸೇಜು ಕಳಿಸಿದೆ: ಬಿಟ್ಟಾಯಿತು.

ತುಂಬಿದ ಲಾರಿಗಿಂತ ಖಾಲಿ ಲಾರಿಗೆ ಸದ್ದು ಜಾಸ್ತಿ.
ಆ ರಾತ್ರಿ ಲಿಯೋನಿನಾಚೆ ಡೀಸೆಲ್ ವಾಸನೆಯಲ್ಲಿ ಮಲಗಿದ್ದಾಗ
ಅವು ನನಗಿಂತ ಎಷ್ಟೋ ಮುಂದೆ,
ಯಾವುದೋ ಇಗರ್ಜಿಯ ಚಾಚಿನ ಮೇಲೆ, ಯಾವುದೋ ತಂತಿಯ ಮೇಲೆ
ಒಂದು ಕಾಲು ಮಡಿಸಿ ಕೂತಿದ್ದಾವು.
ಮೇಲೆ ದೀಪ ಮಿಣುಕಿಸುತ್ತ ಒಂದು ವಿಮಾನ.
ಅದರಲ್ಲಿ ಲೀಸ್ಬೆತ್ ಇದ್ದರೂ ಇದ್ದಳು.

ಫಿರ್ಮಿನನದು ಮರುದಿನ ಬೆಳಗಿನ ಆರೂ ನಲವತ್ತೇಳಕ್ಕೇ ಬಂತು.
ಗೋಡೆಲೀವಳ ನೀಲಿ ಹೆಣ್ಣು, ಕಾಲುಂಗುರದ ಕೊನೆಗೆ ೪೧೭,
ಅವತ್ತು ಬರಲಿಲ್ಲ. ಮರುದಿನವೂ ಇಲ್ಲ.
ಪಂದ್ಯದ ಗಡಿಯಾರ ಮುಚ್ಚಿದರು, ಬಹುಮಾನ ಹಂಚಿದರು.
ಖಾಲಿ ಬುಟ್ಟಿ ಇಳಿಸಲು ಹೋದವನಿಗೆ ಅವಳು ಸೂಪು ಬಡಿಸಿದಳು.
ಉಪ್ಪು ಹಾಕುವುದು ಮರೆತಿದ್ದಳು, ನಾನು ಹೇಳಲಿಲ್ಲ.

ಒಂಬತ್ತನೆಯ ದಿನ ಬಂತು. ನಡೆದುಕೊಂಡು.
ಎಡರೆಕ್ಕೆ ನೆಲಕ್ಕೆ ಸವರುತ್ತ, ಟ್ರಾಮಿನ ಹಳಿ ದಾಟಿ,
ಬ್ರೆಡ್ಡಿನಂಗಡಿ ದಾಟಿ,
ಫಿರ್ಮಿನನ ಹೊಸ್ತಿಲಲ್ಲಿ ಕುಸಿದು ಕೂತಿತು.
ಅವನು ಅಂಗಿಯೊಳಗಿಟ್ಟುಕೊಂಡು
ಉಳಿದ ಹನ್ನೆರಡು ಮೀಟರು ತಾನೇ ನಡೆದ.
ಬೆಲ್ಲು ಒತ್ತಿದ.
ಒಳಗೆ ಏನು ಮಾತಾಯಿತೋ, ಬೀದಿಗೆ ಕೇಳಲಿಲ್ಲವಂತೆ.

ಸಂಜೆ ಲೀಸ್ಬೆತ್ ಫೋನು ಮಾಡಿದ್ದಳು,
ವಿಮಾನ ನಲವತ್ತು ನಿಮಿಷ ತಡವಂತೆ, ಸಿಟ್ಟೋ ಸಿಟ್ಟು.
ಹೂಂ ಹೂಂ ಅಂದೆ. ಬುಟ್ಟಿ ತೊಳೆಯುತ್ತಿದ್ದೆ,
ಕೈಯೆಲ್ಲ ಒದ್ದೆ.